ಲಡ್ಲೋ: ಒಂದು ಸಂತೆಪೇಟೆಯನ್ನು ಓದಿಕೊಳ್ಳುವ ಬಗೆ

ಇಂಗ್ಲೆಂಡಿನ ಹಳೆಯ ಸಂತೆಪೇಟೆಗಳಿಗೆ ಹೋದವರು ಸಾಮಾನ್ಯವಾಗಿ ಕೋಟೆ, ಚರ್ಚು, ಕಪ್ಪುಬಿಳುಪಿನ ಮರದ ಮನೆಗಳನ್ನು ನೋಡಿ, ಚಹಾ ಕುಡಿದು ಹಿಂತಿರುಗುತ್ತಾರೆ. ಇವು ಎಲ್ಲ ಊರಲ್ಲೂ ಇರುವುದರಿಂದ ನಾಲ್ಕನೆಯ ಊರಿನ ಹೊತ್ತಿಗೆ ಎಲ್ಲವೂ ಒಂದೇ ಎನಿಸತೊಡಗುತ್ತದೆ. ಕಟ್ಟಡಕ್ಕಿಂತ ಮೊದಲು ನೆಲವನ್ನು ನೋಡಿದರೆ ಈ ತೊಂದರೆ ಇಲ್ಲ. ರಸ್ತೆ ಎಷ್ಟು ಅಗಲ, ನಿವೇಶನ ಎಷ್ಟು ಅಗಲ, ಸಂತೆ ನಡೆಯುತ್ತಿದ್ದ ಬಯಲು ಎಲ್ಲಿತ್ತು, ಅದರ ಒತ್ತುವರಿ ಹೇಗಾಯಿತು, ಕಲ್ಲು ಎಲ್ಲಿಂದ ಬಂತು ಎಂದು ಕೇಳುತ್ತಾ ನಡೆದರೆ ಊರು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಾಗೆ ನಡೆದು ಕಲಿಯಲು ವೇಲ್ಸ್ ಗಡಿಗೆ ಹತ್ತಿರದಲ್ಲಿರುವ ಶ್ರಾಪ್‌ಶೈರ್ ಜಿಲ್ಲೆಯ ಲಡ್ಲೋಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹನ್ನೆರಡನೆಯ ಶತಮಾನದಲ್ಲಿ ಎಳೆದ ಗೆರೆಗಳು ಅಲ್ಲಿ ಇಂದಿಗೂ ಅಳೆಯುವಷ್ಟು ಸ್ಪಷ್ಟವಾಗಿವೆ.

1086ರ ಡೂಮ್ಸ್‌ಡೇ ಕಂದಾಯ ದಾಖಲೆಯಲ್ಲಿ ಲಡ್ಲೋ ಎಂಬ ಪಟ್ಟಣವಿಲ್ಲ. ಆ ಸುಮಾರಿಗೆ ಡಿ ಲೇಸಿ ಎಂಬ ನಾರ್ಮನ್ ಮನೆತನ ಟೀಮ್ ನದಿಯ ಮೇಲಿನ ಬಂಡೆಯ ತುದಿಯಲ್ಲಿ ಕೋಟೆ ಕಟ್ಟತೊಡಗಿತ್ತು. ಕೋಟೆಗೆ ಖರ್ಚು ಇರುತ್ತದೆ, ವರಮಾನ ಇರುವುದಿಲ್ಲ. ವರಮಾನಕ್ಕಾಗಿ ಒಡೆಯರು ಕಂಡುಕೊಂಡ ಉಪಾಯವೇ ಪೇಟೆ: ಕೋಟೆ ಬಾಗಿಲಿನ ಮುಂದೆ ಸಂತೆಗೆ ಅಗಲವಾದ ಜಾಗ ಬಿಡುವುದು, ಅದರ ಸುತ್ತ ಒಂದೇ ಅಳತೆಯ ನಿವೇಶನ ಹಾಕುವುದು, ಬಂದು ನೆಲೆಸಿದವರಿಂದ ವರ್ಷಕ್ಕಿಷ್ಟು ಬಾಡಿಗೆ ಪಡೆಯುವುದು. ಇಂಥ ಹೊಸ ಪೇಟೆಗಳಲ್ಲಿ ಒಂದು ನಿವೇಶನಕ್ಕೆ ವರ್ಷಕ್ಕೆ 12 ಪೆನ್ನಿ ಸಾಮಾನ್ಯ ದರವಾಗಿತ್ತು. ಬಾಡಿಗೆ ಕೊಟ್ಟವನು ಹೊಲದ ಬಿಟ್ಟಿ ದುಡಿಮೆಯಿಂದ ಮುಕ್ತ. ವ್ಯಾಪಾರ ಮಾಡಬಹುದು, ನಿವೇಶನ ಮಾರಬಹುದು, ಮಕ್ಕಳಿಗೆ ಬಿಡಬಹುದು. ಒಡೆಯನಿಗೆ ಬಾಡಿಗೆಯ ಜೊತೆಗೆ ಸಂತೆಯ ಸುಂಕ, ಅಂಗಡಿ ಕಟ್ಟೆಯ ಹಣ, ನ್ಯಾಯಾಲಯದ ದಂಡ.

ಸಂತೆಗಳ ನಡುವಿನ ದೂರಕ್ಕೂ ಒಂದು ಲೆಕ್ಕವಿತ್ತು. ಬ್ರಾಕ್ಟನ್‌ನ ಹೆಸರಿನಲ್ಲಿರುವ ಹದಿಮೂರನೆಯ ಶತಮಾನದ ಕಾನೂನು ಗ್ರಂಥದ ಪ್ರಕಾರ, ಹಳೆಯ ಸಂತೆಯಿಂದ ಆರು ಮುಕ್ಕಾಲು ಮೈಲಿಗಿಂತ ತುಸು ಕಡಿಮೆ ದೂರದಲ್ಲಿ, ಅಂದರೆ ಸುಮಾರು 10.7 ಕಿಲೋಮೀಟರ್ ಒಳಗೆ, ಹೊಸ ಸಂತೆ ಬಂದರೆ ಹಳೆಯದಕ್ಕೆ ಪೆಟ್ಟು. ಮನುಷ್ಯ ದಿನಕ್ಕೆ 20 ಮೈಲಿ ನಡೆಯುತ್ತಾನೆ. ಅದರಲ್ಲಿ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗದಷ್ಟು ಹೊತ್ತು ವ್ಯಾಪಾರಕ್ಕೆ, ಒಂದು ಭಾಗ ಕತ್ತಲಾಗುವ ಮುನ್ನ ಮನೆ ಸೇರಲು. ಇಂಗ್ಲೆಂಡಿನ ನಕ್ಷೆಯಲ್ಲಿ ಸಣ್ಣ ಪೇಟೆಗಳು ಇಷ್ಟು ಹತ್ತಿರ ಹತ್ತಿರ ಕಾಣುವುದರ ಹಿಂದೆ ಈ ಕಾಲ್ನಡಿಗೆಯ ಲೆಕ್ಕವಿದೆ.

ಕೋಟೆ ಬಾಗಿಲಿನಿಂದ ಹೊಳೆಯವರೆಗೆ

ನಡಿಗೆಯನ್ನು ಕೋಟೆಯ ಮುಂದಿನ ಕ್ಯಾಸಲ್ ಸ್ಕ್ವೇರ್‌ನಿಂದ ಶುರುಮಾಡಿ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಇಲ್ಲಿ ಸಂತೆ. ಪೇಟೆಯನ್ನು ಪೇಟೆಯಾಗಿಯೇ ನೋಡಬೇಕೆಂದರೆ ಈ ನಾಲ್ಕರಲ್ಲಿ ಒಂದು ದಿನ, ಬೆಳಿಗ್ಗೆಯೇ ಬರಬೇಕು. ಮಧ್ಯಾಹ್ನ ಕಳೆದರೆ ವ್ಯಾಪಾರಿಗಳು ಗಂಟು ಕಟ್ಟಲು ಶುರುಮಾಡಿರುತ್ತಾರೆ. ಈ ಚೌಕದಲ್ಲಿ 1887ರಲ್ಲಿ ಕಟ್ಟಿದ ಪುರಭವನವೊಂದಿತ್ತು. 1986ರಲ್ಲಿ ಅದನ್ನು ಕೆಡವಿದ್ದರಿಂದ ಬಯಲು ಮತ್ತೆ ಸಂತೆಗೆ ಸಿಕ್ಕಿತು.

ಈಗ ಕೋಟೆಗೆ ಬೆನ್ನು ಮಾಡಿ ಪೂರ್ವಕ್ಕೆ ನೋಡಿ. ಚೌಕ ಮುಗಿದಲ್ಲಿ ಹೈ ಸ್ಟ್ರೀಟ್, ಹಾರ್ಪ್ ಲೇನ್, ಮಾರ್ಕೆಟ್ ಸ್ಟ್ರೀಟ್ ಎಂಬ ಇಕ್ಕಟ್ಟು ರಸ್ತೆಗಳು ಒಂದರ ಪಕ್ಕ ಒಂದು ಸಾಗುತ್ತವೆ. ಮೊದಲು ಇವು ಯಾವುವೂ ಇರಲಿಲ್ಲ. ಕೋಟೆ ಬಾಗಿಲಿನಿಂದ ಆ ತುದಿಯ ಬುಲ್ ರಿಂಗ್ ಎಂಬ ದನದ ಸಂತೆಯವರೆಗೆ ಒಂದೇ ಅಗಲವಾದ ಬೀದಿ, ಅಷ್ಟೂ ಸಂತೆ. ವಾರಕ್ಕೊಮ್ಮೆ ಹಾಕಿ ತೆಗೆಯುವ ಕಟ್ಟೆಗಳು ಕಾಲಕ್ರಮೇಣ ಅಲ್ಲೇ ಉಳಿದವು, ಅವಕ್ಕೆ ಚಪ್ಪರ ಬಂತು, ಚಪ್ಪರಕ್ಕೆ ಗೋಡೆ, ಗೋಡೆಗೆ ಮಹಡಿ. ಸುಂಕದ ಬದಲು ಕಾಯಂ ಬಾಡಿಗೆ ಸಿಗುವುದಾದರೆ ಅದನ್ನು ತಡೆಯುವ ಗರಜು ಯಾರಿಗೂ ಇರಲಿಲ್ಲ. ಮಧ್ಯಯುಗದ ಈ ಒತ್ತುವರಿಯನ್ನು ಪತ್ತೆ ಮಾಡುವುದು ಸುಲಭ: ಸಾಲಿನ ನಡುವಿನ ಅಂಗಡಿಗಳಿಗೆ ಹಿತ್ತಲಿಲ್ಲ. ಮುಂದೆಯೂ ರಸ್ತೆ, ಹಿಂದೆಯೂ ರಸ್ತೆ. ಇಂಗ್ಲೆಂಡಿನ ಯಾವುದೇ ಹಳೇ ಪೇಟೆಯಲ್ಲಿ ಹಿತ್ತಲಿಲ್ಲದ ಕಟ್ಟಡಗಳ ದ್ವೀಪ ಕಂಡರೆ ಅದು ಹಳೆಯ ಸಂತೆ ಬಯಲಿನ ಮೇಲೆ ಕೂತಿದೆಯೇ ಎಂದು ಮೊದಲು ಅನುಮಾನಿಸಿ.

ನಿಗದಿತ ಅಳತೆಯ ನಿವೇಶನ ನೋಡಲು ಬ್ರಾಡ್ ಸ್ಟ್ರೀಟಿಗೆ ಹೋಗಬೇಕು. ಬಟರ್‌ಕ್ರಾಸ್‌ನಿಂದ ಹೊಳೆಯ ಕಡೆಗೆ ಇಳಿಯುವ ಈ ಇಳಿಜಾರು ಬೀದಿ ಇಂಗ್ಲೆಂಡಿನ ಅತಿ ಸುಂದರ ಬೀದಿಗಳಲ್ಲಿ ಒಂದು. ಆ ಮಾತನ್ನು ಹಿಂಜರಿಕೆಯಿಲ್ಲದೆ ಹೇಳಬಹುದು. ಆದರೆ ಅದರ ಚೆಲುವಿನ ಬುಡದಲ್ಲಿರುವುದು ಒಂದು ಮೋಜಣಿ ಗಳು. ಆಗಿನ ಅಳತೆಗೋಲು ಪರ್ಚ್, ಅಂದರೆ ಹದಿನಾರೂವರೆ ಅಡಿ. ಎರಡು ಪರ್ಚ್ ಸೇರಿದರೆ 33 ಅಡಿ, ಅದೇ ಲಡ್ಲೋದ ಮಾದರಿ ನಿವೇಶನದ ಮುಂಭಾಗ. ಬೆಂಗಳೂರಿನವರಿಗೆ 30×40 ಸೈಟು ಹೇಗೋ ಇಲ್ಲಿಯವರಿಗೆ ಇದು ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಉದ್ದ ಅಗಲದ ಹಲವು ಪಟ್ಟು, ಹಿಂದಿನ ಓಣಿಯವರೆಗೂ ಚಾಚುತ್ತಿತ್ತು. ಬೀದಿಗೆ ಮುಖವಿಟ್ಟ ಪ್ರತಿ ಅಡಿಗೂ ಬೆಲೆಯಿತ್ತು, ಹಿತ್ತಲಿಗೆ ಅಷ್ಟಿರಲಿಲ್ಲ.

ಮುಂದೆ ಅಣ್ಣತಮ್ಮಂದಿರು ಪಾಲಾದಾಗ, ಸಾಲಕ್ಕೆ ಮಾರಿದಾಗ ನಿವೇಶನ ಉದ್ದಕ್ಕೆ ಸೀಳಿತು. ಅರ್ಧ ಮಾಡಿದರೆ ಹದಿನಾರೂವರೆ ಅಡಿ, ಮೂರು ಪಾಲಾದರೆ 11, ಅದರಲ್ಲಿ ಎರಡು ಪಾಲು ಒಬ್ಬರಿಗೇ ಸೇರಿದರೆ 22. ಮನೆಯ ಮುಂದೆ ಹೆಜ್ಜೆ ಹಾಕಿ ಅಳೆದು ನೋಡಿ. ಸಾಧಾರಣ ಹೆಜ್ಜೆ ಎರಡೂವರೆ ಅಡಿ, ಅಂದರೆ ಪೂರ್ತಿ ನಿವೇಶನ ಸುಮಾರು 13 ಹೆಜ್ಜೆ. ಮನೆ ನಾಲ್ಕು ಸಲ ಹೊಸದಾಗಿ ಕಟ್ಟಿದ್ದರೂ ಎಲ್ಲೆ ಕದಲುವುದು ಕಡಿಮೆ. ಪಕ್ಕದವನ ಗೋಡೆ ಅಲ್ಲೇ ನಿಂತಿರುವಾಗ ಎಲ್ಲಿಗೆ ಕದಲುತ್ತದೆ? ಬ್ರಾಡ್ ಸ್ಟ್ರೀಟ್ ಮತ್ತು ಮಿಲ್ ಸ್ಟ್ರೀಟ್‌ಗಳ ನಡುವೆ ಸಾಗುವ ರೇವನ್ ಲೇನ್ ಎಂಬ ಹಿಂದಿನ ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಈ ಹಿತ್ತಲುಗಳ ಉದ್ದ ಅಂದಾಜಾಗುತ್ತದೆ.

ಬ್ರಾಡ್ ಸ್ಟ್ರೀಟಿನಲ್ಲಿ ಎದ್ದು ಕಾಣುವುದು ಹದಿನೆಂಟನೆಯ ಶತಮಾನದ ಇಟ್ಟಿಗೆ ಮುಖಗಳು. ಅವುಗಳಲ್ಲಿ ಹಲವು ಬರೀ ಮುಖಗಳೇ. ಒಳಗಿರುವುದು ಇನ್ನೂ ಹಳೆಯ ಮರದ ಚೌಕಟ್ಟು. ಗುರುತು ಹಿಡಿಯಲು ನೇರ ಎದುರು ನಿಲ್ಲಬೇಡಿ, ಪಕ್ಕದ ಸಂದಿಗೆ ಹೋಗಿ ತಲೆ ಎತ್ತಿ. ಇಟ್ಟಿಗೆ ಮೂಲೆ ತಿರುಗಿದ ಕೂಡಲೇ ನಿಂತು ಮರದ ತೊಲೆ ಶುರುವಾಗಿದ್ದರೆ, ಚಾವಣಿಯ ಇಳಿಜಾರು ಮುಂಭಾಗಕ್ಕೆ ಹೊಂದದಷ್ಟು ಕಡಿದಾಗಿದ್ದರೆ, ಅಥವಾ ಕಿಟಕಿಗಳ ಮಟ್ಟ ಪಕ್ಕದಿಂದ ಪಕ್ಕಕ್ಕೆ ಅಲುಗಿದ್ದರೆ ಒಳಗೆ ಹಳೆಯ ಮನೆಯಿರುವ ಸಾಧ್ಯತೆ ಹೆಚ್ಚು. ಊರಿನಲ್ಲಿ ಕಾನೂನಿನ ರಕ್ಷಣೆಯಿರುವ ಕಟ್ಟಡಗಳು ಸುಮಾರು 500.

ಬೀದಿಯ ಮೇಲ್ತುದಿಯ ಬಟರ್‌ಕ್ರಾಸ್ 1740ರ ದಶಕದ್ದು, ವಿಲಿಯಂ ಬೇಕರ್ ವಿನ್ಯಾಸ. ಕೆಳಗೆ ಕಂಬಗಳ ನಡುವೆ ಬೆಣ್ಣೆ ಮಾರುವ ನೆರಳು, ಮೇಲೆ ಕೋಣೆ. ಕೆಳತುದಿಯ ಬ್ರಾಡ್‌ಗೇಟ್ ಊರಗೋಡೆಯ ಏಳು ಬಾಗಿಲುಗಳಲ್ಲಿ ಉಳಿದಿರುವ ಒಂದೇ ಒಂದು. ಅದರ ಕಮಾನಿನ ಮೇಲೆ ಮನೆಯೇ ಇದೆ. ಗೋಡೆ ಕಟ್ಟಲು ಸಂತೆಯ ಸರಕಿನ ಮೇಲೆ ವಿಶೇಷ ಸುಂಕ ಎತ್ತುವ ರಾಜಾಜ್ಞೆ 1233ರಲ್ಲಿ ಸಿಕ್ಕಿತು. ಅಂದರೆ ಗೋಡೆಯ ಖರ್ಚನ್ನೂ ಸಂತೆಯೇ ಹೊತ್ತಿತು.

ಹಣ ಬಂದ ದಾರಿಗಳು

ಮೊದಲ ಸಂಪತ್ತು ಉಣ್ಣೆ. ಗಡಿಬೆಟ್ಟಗಳ ಕುರಿ, ಟೀಮ್ ನದಿಯ ಒಡ್ಡುಗಳಲ್ಲಿ ನೀರಿನ ಬಲದಿಂದ ತಿರುಗಿ ಬಟ್ಟೆಯನ್ನು ಕುಟ್ಟಿ ಹದಮಾಡುವ ಗಿರಣಿಗಳು. ಆ ಒಡ್ಡುಗಳು ಈಗಲೂ ಇವೆ. ವ್ಯಾಪಾರಿಗಳ ಹಣ ಪಾಮರ್ಸ್ ಗಿಲ್ಡ್ ಎಂಬ ಧಾರ್ಮಿಕ ಸಂಘಕ್ಕೆ ಸೇರಿತು. ಸದಸ್ಯರ ಆತ್ಮಗಳಿಗಾಗಿ ಪಾದ್ರಿಗಳಿಂದ ಪ್ರಾರ್ಥನೆ ಮಾಡಿಸುವುದು ಅದರ ಕೆಲಸ. ಅದಕ್ಕಾಗಿ ಊರಲ್ಲಿ ಮನೆ ಅಂಗಡಿಗಳ ದೊಡ್ಡ ಆಸ್ತಿಯನ್ನೇ ಕೂಡಿಸಿತ್ತು. 1552ರಲ್ಲಿ ಆ ಆಸ್ತಿ ಪುರಸಭೆಯ ಕೈಗೆ ಬಂತು.

ಸೇಂಟ್ ಲಾರೆನ್ಸ್ ಚರ್ಚು ಒಂದು ಸಣ್ಣ ಪೇಟೆಗೆ ಇಷ್ಟು ದೊಡ್ಡದಾಗಿರುವುದಕ್ಕೆ ಈ ಹಣವೇ ಕಾರಣ. ಸಂತೆಬೀದಿಯ ಕಟ್ಟಡಗಳು ಅದನ್ನು ಮುಚ್ಚಿಬಿಟ್ಟಿವೆ; ಸಂದಿಯೊಂದರಲ್ಲಿ ನುಸುಳಿ ಹೋಗಬೇಕು. ಒಳಗೆ ಮರದ ಪೀಠಗಳ ಸಾಲಿನಲ್ಲಿ 28 ಮಡಚುವ ಆಸನಗಳಿವೆ. ಗಂಟೆಗಟ್ಟಲೆ ನಿಂತು ಪ್ರಾರ್ಥಿಸುವವರು ಬೆನ್ನು ಆನಿಸಲೆಂದು ಮಾಡಿದ ಪುಟ್ಟ ಅಂಚುಗಳ ಅಡಿಯಲ್ಲಿ ಕೆತ್ತನೆ. ಅವುಗಳಲ್ಲಿ ಅಳತೆಯಲ್ಲಿ ಮೋಸ ಮಾಡಿದ ಏಲ್ ಎಂಬ ಬಿಯರ್ ಮಾರುವವಳನ್ನು ದೆವ್ವ ಹೊತ್ತು ನರಕಕ್ಕೆ ಒಯ್ಯುವ ದೃಶ್ಯವನ್ನು ತಪ್ಪದೆ ಹುಡುಕಿ. ಸಂತೆಯ ಮೇಲೆ ಬದುಕಿದ ಊರಿಗೆ ಅಳತೆಯ ಮೋಸಕ್ಕಿಂತ ದೊಡ್ಡ ಪಾಪ ಬೇರೆ ಇದ್ದಿರಲಾರದು. ಗೋಪುರಕ್ಕೆ ಸುಮಾರು 200 ಮೆಟ್ಟಿಲು, ಇಕ್ಕಟ್ಟಿನ ಸುರುಳಿ. ಮೇಲೇರಿದರೆ ನಿವೇಶನಗಳ ಪಟ್ಟಿಗಳು ಬಿಡಿಸಿಟ್ಟ ಹಾಗೆ ಕಾಣುತ್ತವೆ. ಮೊಣಕಾಲು ನೋವಿದ್ದವರು ಬಿಡುವುದು ಮೇಲು, ಮಧ್ಯದಲ್ಲಿ ಹಿಂತಿರುಗುವುದು ತೊಡಕು.

ಎರಡನೆಯ ಸಂಪತ್ತು ಸರ್ಕಾರದ್ದು. ವೇಲ್ಸ್ ಮತ್ತು ಗಡಿನಾಡಿನ ಆಡಳಿತಕ್ಕಾಗಿ 1470ರ ದಶಕದಲ್ಲಿ ಎಡ್ವರ್ಡ್ IV ಸ್ಥಾಪಿಸಿದ ಮಂಡಳಿ ಲಡ್ಲೋ ಕೋಟೆಯನ್ನು ಕೇಂದ್ರ ಮಾಡಿಕೊಂಡಿತು. ಹೆನ್ರಿ VIIನ ಹಿರಿಯ ಮಗ ಆರ್ಥರ್, ಮದುವೆಯಾದ ಐದೇ ತಿಂಗಳಿಗೆ, 1502ರ ಏಪ್ರಿಲ್ 2ರಂದು ಇಲ್ಲೇ ತೀರಿಕೊಂಡ; ಅವನ ವಿಧವೆ ಕ್ಯಾಥರೀನಳನ್ನು ತಮ್ಮ ಹೆನ್ರಿ ಮದುವೆಯಾದದ್ದು, ಮುಂದೆ ಆ ಮದುವೆ ಮುರಿಯಲೆಂದೇ ಇಂಗ್ಲೆಂಡ್ ರೋಮಿನ ಚರ್ಚಿನಿಂದ ಬೇರೆಯಾದದ್ದು ಎಲ್ಲವೂ ಈ ಸಾವಿನಿಂದ ಹೊರಟ ಎಳೆಗಳು. ಮಂಡಳಿ ಇದ್ದಲ್ಲಿ ಮೊಕದ್ದಮೆ, ಮೊಕದ್ದಮೆ ಇದ್ದಲ್ಲಿ ವಕೀಲರು, ವಕೀಲರಿಗೆ ಮನೆ. ಬುಲ್ ರಿಂಗ್‌ನಲ್ಲಿರುವ 1619ರ ಫೆದರ್ಸ್ ಕಟ್ಟಡದ ಅಬ್ಬರದ ಮರದ ಮುಂಭಾಗ ಹಾಗೆ ವಕೀಲನೊಬ್ಬನ ಗಳಿಕೆಯಿಂದ ಎದ್ದದ್ದು.

1689ರಲ್ಲಿ ಮಂಡಳಿ ರದ್ದಾಯಿತು. ಕೋಟೆಯ ಚಾವಣಿಯ ಸೀಸದ ತಗಡು ಕಿತ್ತುಹೋದ ಮೇಲೆ ತೊಲೆಗಳು ಮಳೆಗೆ ಕೊಳೆತವು, ಗೋಡೆ ಉಳಿಯಿತು. ಒಳಗೆ ಹೋದರೆ ಎರಡನ್ನು ಗಮನಿಸಿ. ದೊಡ್ಡ ಗೋಪುರ ಮೊದಲು ಹೆಬ್ಬಾಗಿಲಾಗಿತ್ತು. ದಾರಿಯನ್ನು ಮುಚ್ಚಿ ಪಕ್ಕದಲ್ಲಿ ಬೇರೆ ಬಾಗಿಲು ಮಾಡಿದರು, ಮುಚ್ಚಿದ ಕಮಾನಿನ ಗುರುತು ಗೋಡೆಯಲ್ಲಿದೆ. ಇನ್ನೊಂದು, ಹನ್ನೆರಡನೆಯ ಶತಮಾನದ ದುಂಡು ಪ್ರಾರ್ಥನಾ ಮಂದಿರ. ಇಂಗ್ಲೆಂಡಿನಲ್ಲಿ ಇಂಥ ದುಂಡು ಚರ್ಚುಗಳು ಬೆರಳೆಣಿಕೆಯಷ್ಟು.

ಕೋಟೆಯ ಒಡೆತನದಲ್ಲಿ ಕನ್ನಡನಾಡಿನ ಒಂದು ಎಳೆಯೂ ಇದೆ. 1811ರಲ್ಲಿ ರಾಜಮನೆತನದಿಂದ ಇದನ್ನು ಕೊಂಡ ಪೋವಿಸ್ ಪ್ರಭು ಎಡ್ವರ್ಡ್ ಕ್ಲೈವ್, ರಾಬರ್ಟ್ ಕ್ಲೈವ್‌ನ ಮಗ. 1774ರಿಂದ 1794ರವರೆಗೆ ಲಡ್ಲೋದ ಸಂಸತ್ ಸದಸ್ಯ. 1798ರಿಂದ 1803ರವರೆಗೆ ಮದರಾಸಿನ ಗವರ್ನರ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದು ಅವನ ಅವಧಿಯಲ್ಲೇ. ಮರುವರ್ಷ ಅವನ ಹೆಂಡತಿ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬೆಂಗಳೂರು, ಮೈಸೂರು ಸೀಮೆಗಳನ್ನು ಸುತ್ತಿದಳು. ಟಿಪ್ಪುವಿನ ಚಿತ್ತಾರದ ಡೇರೆ, ಸಿಂಹಾಸನದ ಹುಲಿತಲೆಯೊಂದು ಈಗ ವೇಲ್ಸ್‌ನ ವೆಲ್ಷ್‌ಪೂಲ್ ಬಳಿಯ ಪೋವಿಸ್ ಕೋಟೆಯಲ್ಲಿವೆ. ಲಡ್ಲೋದಲ್ಲಿ ಇವು ಯಾವುವೂ ಇಲ್ಲ. ಆದರೆ ಈ ಪಾಳುಗೋಡೆ ಇಷ್ಟು ಜೋಪಾನವಾಗಿ ಉಳಿದಿರುವುದರ ಹಿಂದೆ ಯಾವ ನಾಡಿನ ಸಂಪತ್ತೂ ಸೇರಿದೆ ಎಂಬುದನ್ನು ಕನ್ನಡಿಗರು ತಿಳಿದಿರಬೇಕು.

ಸೇತುವೆ ದಾಟಿದ ಮೇಲೆ

ಬ್ರಾಡ್‌ಗೇಟ್ ದಾಟಿ ಇಳಿದರೆ ಲಡ್‌ಫರ್ಡ್ ಸೇತುವೆ. ಮಧ್ಯಯುಗದ ಕಟ್ಟಡ, ಇಕ್ಕಟ್ಟು. ವಾಹನ ಬಂದಾಗ ಕಂಬಗಳ ಮೇಲಿನ ಮುಮ್ಮೂಲೆ ಜಾಗಗಳಲ್ಲಿ ಸರಿದು ನಿಲ್ಲಬೇಕು. 1459ರ ಅಕ್ಟೋಬರ್ 12ರ ರಾತ್ರಿ ರಾಜನ ವಿರುದ್ಧ ದಂಗೆಯೆದ್ದಿದ್ದ ಯಾರ್ಕ್ ಪಕ್ಷದ ನಾಯಕರು ತಮ್ಮ ಸೈನ್ಯವನ್ನು ಇಲ್ಲೇ ಬಿಟ್ಟು ಓಡಿಹೋದರು. ಬೆಳಗಾದ ಮೇಲೆ ರಾಜನ ಸೈನಿಕರು ಊರನ್ನು ದೋಚಿದರು.

ಸೇತುವೆಯ ಆ ಬದಿಯ ಮೂಲೆಯಲ್ಲಿ ರಸ್ತೆ ಪಕ್ಕದ ಬಂಡೆ ನೋಡಿ ಎಷ್ಟೋ ಜನ ಸುಮ್ಮನೆ ನಡೆದುಬಿಡುತ್ತಾರೆ. ಭೂವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ಹೆಸರಾದ ರಸ್ತೆಮೂಲೆ ಅಪರೂಪ. 1830ರ ದಶಕದಲ್ಲಿ ರಾಡರಿಕ್ ಮರ್ಚಿಸನ್ ಈ ಸೀಮೆಯ ಬಂಡೆಗಳನ್ನು ಅಭ್ಯಾಸ ಮಾಡಿ ಸೈಲೂರಿಯನ್ ಕಾಲಘಟ್ಟವನ್ನು ಗುರುತಿಸಿದ. ಅದರ ಒಂದು ಭಾಗಕ್ಕೆ ಇಂದಿಗೂ ಜಗತ್ತಿನಾದ್ಯಂತ ಲಡ್ಲೋ ಎಂದೇ ಹೆಸರು. ಇಲ್ಲಿನ ಬೂದು ಹೂಳುಗಲ್ಲು ಸುಮಾರು 42 ಕೋಟಿ ವರ್ಷಗಳ ಹಿಂದಿನ ಬೆಚ್ಚನೆಯ, ಆಳವಿಲ್ಲದ ಕಡಲಿನ ತಳ. ಅದರ ಮೇಲೆ ಕೆಲವೇ ಸೆಂಟಿಮೀಟರ್ ದಪ್ಪದ ಒಂದು ಪದರ, ಆದಿ ಮೀನುಗಳ ಹುರುಪೆ, ಮುಳ್ಳುಗಳ ಚೂರಿನಿಂದ ತುಂಬಿದ್ದು. ಇಲ್ಲಿನ ಕಲ್ಲಿನಿಂದ ಬಿಡಿಸಿದ, ಜೇಡ ಮತ್ತು ಶತಪದಿಗಳ ಹತ್ತಿರದ ಬಳಗದ ನೆಲಜೀವಿಗಳ ಚೂರುಗಳು 1990ರಲ್ಲಿ ಪ್ರಕಟವಾದವು. ನೆಲದ ಮೇಲೆ ಪ್ರಾಣಿಗಳು ಬದುಕಿದ್ದಕ್ಕೆ ಸಿಕ್ಕ ಅತಿ ಹಳೆಯ ಪುರಾವೆಗಳಲ್ಲಿ ಅವೂ ಸೇರಿವೆ. ಸಂಗ್ರಹಕಾರರು ಅಗೆದೂ ಅಗೆದೂ ಆ ಪದರ ಒಳಕ್ಕೆ ಸರಿದಿದೆ. ಈಗ ಇದು ಸಂರಕ್ಷಿತ ಜಾಗ. ಸುತ್ತಿಗೆ ಮುಟ್ಟಿಸುವಂತಿಲ್ಲ, ಚೂರು ಎತ್ತಿಕೊಳ್ಳುವಂತಿಲ್ಲ.

ಇದೇ ಹೂಳುಗಲ್ಲು ಕೋಟೆಯ ಗೋಡೆಯಲ್ಲೂ ಇದೆ. ಚಪ್ಪಟೆಯಾಗಿ ಒಡೆಯುವುದರಿಂದ ಗೋಡೆಗೆ ಸರಿ, ಕೆತ್ತನೆಗೆ ಒಗ್ಗದು. ಬಾಗಿಲು, ಕಿಟಕಿಗಳ ಅಂಚಿಗೆ ಕೆಂಪು ಛಾಯೆಯ ಮರಳುಗಲ್ಲು ಬಂದದ್ದು ಅದಕ್ಕೇ.

ಇಲ್ಲಿಂದ ವಿಟ್‌ಕ್ಲಿಫ್ ಕಾಮನ್ ಏರಿ. ಊರಿನವರು ದನ ಮೇಯಿಸಿ ಸೌದೆ ತರುತ್ತಿದ್ದ ಗೋಮಾಳದ ಉಳಿದ ತುಣುಕಿದು. ಊರು ಪೂರ್ತಿ ಕಾಣುವುದು ಇಲ್ಲಿಂದಲೇ. ಆಮೇಲೆ ಡಿನಮ್ ಸೇತುವೆಗೆ ಇಳಿದು ಕೋಟೆಯ ಬುಡ ಸುತ್ತಿ ಚೌಕಕ್ಕೆ ಹಿಂತಿರುಗಿದರೆ ಇಡೀ ಸುತ್ತು ಸುಮಾರು 3 ಕಿಲೋಮೀಟರ್. ಹೊಳೆಯ ಮಗ್ಗುಲಲ್ಲೇ ಸಾಗುವ ಬ್ರೆಡ್ ವಾಕ್ ದಾರಿಯೂ ಇದೆ. ಮಳೆಯಾದ ಮೇಲೆ ಜಾರುತ್ತದೆ, ನೆರೆ ಬಂದಾಗ ಅತ್ತ ಹೋಗಲೇಬೇಡಿ. 2007ರ ಜೂನ್‌ನಲ್ಲಿ ಉಕ್ಕಿದ ಕಾರ್ವ್ ಹೊಳೆ ಊರಿನ ಬರ್ವೇ ಸೇತುವೆಯನ್ನೇ ಕೆಡವಿತ್ತು.

ಇನ್ನೂ ದೂರ ಹೋಗುವವರಿಗೆ ನೈಋತ್ಯದಲ್ಲಿ ಮಾರ್ಟಿಮರ್ ಫಾರೆಸ್ಟ್, ಅದರ 375 ಮೀಟರ್ ಎತ್ತರದ ಹೈ ವಿನಲ್ಸ್. ಉದ್ದ ಕೂದಲಿನ ಫ್ಯಾಲೋ ಜಿಂಕೆಗಳಿರುವುದು ಈ ಕಾಡಿನಲ್ಲಿ. ಕೈಯಲ್ಲಿ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 203 ನಕ್ಷೆಯಿರಲಿ. ಅಳತೆ 1:25,000, ಅಂದರೆ ನಕ್ಷೆಯ 4 ಸೆಂಟಿಮೀಟರ್ ನೆಲದ 1 ಕಿಲೋಮೀಟರ್. ಹಸಿರು ಚಿಕ್ಕ ಗೀಟುಗಳ ಸಾಲು ಕಾಲುದಾರಿ, ಉದ್ದ ಗೀಟುಗಳದ್ದು ಕುದುರೆ, ಸೈಕಲ್‌ಗಳಿಗೂ ತೆರೆದ ದಾರಿ. ನೆಲದ ಮೇಲೆ ಮೊದಲನೆಯದಕ್ಕೆ ಹಳದಿ ಬಾಣ, ಎರಡನೆಯದಕ್ಕೆ ನೀಲಿ. ಕಪ್ಪು ಗೀಟಿನ ದಾರಿ ಕಣ್ಣಿಗೆ ಕಂಡರೂ ಅಲ್ಲಿ ನಡೆಯುವ ಹಕ್ಕಿದೆ ಎಂದು ಅರ್ಥವಲ್ಲ. ಹೊಸಬರು ಎಡವುವುದು ಇಲ್ಲೇ.

ಹಸಿರು ದಾರಿ ಖಾಸಗಿ ಹೊಲದ ನಡುವೆಯೇ ಹಾದುಹೋಗಬಹುದು. ಅದರ ಮೇಲೆ ನಡೆಯುವುದು ಹಕ್ಕು, ಯಾರನ್ನೂ ಕೇಳಬೇಕಿಲ್ಲ. ಹೊಲ ಉತ್ತರೂ ಅಡ್ಡ ಹಾಯುವ ದಾರಿಯನ್ನು ರೈತ 14 ದಿನದೊಳಗೆ ಮತ್ತೆ ಗುರುತು ಮಾಡಿಕೊಡಬೇಕೆಂಬುದು ಕಾನೂನು. ಬೆಳೆ ನಿಂತಿದ್ದರೆ ಒಬ್ಬರ ಹಿಂದೊಬ್ಬರು ದಾರಿಯ ಗೆರೆ ಹಿಡಿದು ನಡೆಯಿರಿ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ.

ದನಗಳ ವಿಷಯದಲ್ಲಿ ನಮ್ಮವರು ವಿಶೇಷವಾಗಿ ಎಚ್ಚರವಾಗಿರಬೇಕು. ನಮ್ಮ ಬೀದಿಯ ಹಸು ಮನುಷ್ಯರ ನಡುವೆಯೇ ಬೆಳೆದದ್ದು. ಅಲ್ಲಿ ಹೊಲದಲ್ಲಿರುವ ಮಾಂಸದ ತಳಿಯ ಹಿಂಡಿಗೆ ಅಪರಿಚಿತರ ರೂಢಿ ಕಡಿಮೆ, ಕರು ಜೊತೆಗಿದ್ದರೆ ಮೈಮೇಲೆ ಬರಬಹುದು. ತಾಯಿ ಕರುವಿನ ನಡುವೆ ಹೋಗಬೇಡಿ, ಮುಟ್ಟಲು ಹೋಗಬೇಡಿ, ದೂರದಿಂದ ಬಳಸಿ ಹೋಗಿ. ನಾಯಿ ಜೊತೆಗಿದ್ದು ದನ ಅಟ್ಟಿಸಿಕೊಂಡು ಬಂದರೆ ಹಗ್ಗ ಬಿಟ್ಟುಬಿಡಿ; ಅವುಗಳ ಸಿಟ್ಟು ನಾಯಿಯ ಮೇಲೆ, ನಾಯಿ ನಿಮಗಿಂತ ಜೋರಾಗಿ ಓಡುತ್ತದೆ.

ಹೊತ್ತಿನ ಲೆಕ್ಕಕ್ಕೆ ನೈಸ್ಮಿತ್ ಸೂತ್ರ ಸಾಕು: 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿಲೋಮೀಟರ್ ದಾರಿಯಲ್ಲಿ 300 ಮೀಟರ್ ಏರಿದ್ದರೆ ಮೂರು ಗಂಟೆಗೆ ಹತ್ತಿರ. ವಿಶ್ರಾಂತಿ ಇದರಲ್ಲಿ ಸೇರಿಲ್ಲ, ಬೂಟಿಗೆ ಮೆತ್ತುವ ಚಳಿಗಾಲದ ಕೆಂಪು ಕೆಸರೂ ಸೇರಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಹೊತ್ತು ಮುಳುಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಹೊರಟು ಬೆಟ್ಟ ಹತ್ತುವ ಯೋಚನೆ ಬೇಡ. ಪೂರ್ವದ ಟಿಟರ್‌ಸ್ಟೋನ್ ಕ್ಲೀಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. 533 ಮೀಟರ್ ಎತ್ತರದ ಆ ಬೆಟ್ಟದ ನೆತ್ತಿ ಗಟ್ಟಿ ಕರಿಗಲ್ಲು. ಅದನ್ನು ರಸ್ತೆಗಳಿಗೆ ಒಡೆದು ಸಾಗಿಸಿದ ಕ್ವಾರಿಯ ಕಾಂಕ್ರೀಟ್ ಪಾಳುಗಳು ಇನ್ನೂ ನಿಂತಿವೆ. ಮೋಡ ಕವಿದರೆ ಕ್ವಾರಿಯ ಅಂಚು ಕಾಣದು. ಹಾಗಿದ್ದಾಗ ಹತ್ತದಿರುವುದೇ ಸರಿ.

ಮಳೆಯ ದಿನಕ್ಕೆ ಸ್ಟೋಕ್‌ಸೇ ಎಂಬ ಕೋಟೆಮನೆ ಇದೆ. ಲಡ್ಲೋದ ಉಣ್ಣೆ ವ್ಯಾಪಾರಿ ಲಾರೆನ್ಸ್ 1281ರಲ್ಲಿ ಆ ಜಮೀನು ಕೊಂಡು, 1291ರಲ್ಲಿ ಕೋಟೆಯಂತೆ ಭದ್ರಪಡಿಸಲು ರಾಜನ ಅನುಮತಿ ಪಡೆದ. ಮನೆಯ ದೊಡ್ಡ ಹಜಾರದ ಮರದ ಚಾವಣಿಯನ್ನು ನೋಡಿದರೆ ಸಂತೆಪೇಟೆಯ ಉಣ್ಣೆ ಎಷ್ಟು ಹಣ ತಂದಿತ್ತೆಂದು ಅಂದಾಜಾಗುತ್ತದೆ. ಲಡ್ಲೋದಿಂದ ಶ್ರೂಸ್‌ಬರಿ ಕಡೆಯ ರೈಲಿನಲ್ಲಿ ಮುಂದಿನ ನಿಲ್ದಾಣ ಕ್ರೇವನ್ ಆರ್ಮ್ಸ್. ಅಲ್ಲಿಂದ ಒಂದು ಮೈಲಿಯಷ್ಟು ನಡಿಗೆ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ಚಳಿಗಾಲದಲ್ಲಿ ಸ್ಟೋಕ್‌ಸೇ ಎಲ್ಲ ದಿನವೂ ತೆರೆದಿರುವುದಿಲ್ಲ. ಹಿಂದಿರುಗುವ ರೈಲಿನ ಸಮಯ ಮತ್ತು ಕೋಟೆ ಮುಚ್ಚುವ ಸಮಯ ಎರಡನ್ನೂ ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ.